ಇರುವೆಯಿಲ್ಲದ ಹಣ್ಣು

ಇಯೋಮಕ್ಕ ಹತ್ತೊಂಬತ್ತು ವರ್ಷ ಮಾಡಿದ್ದು ಒಂದೇ ಕೆಲಸ. ಮ್ಯಾಂಗೊಸ್ಟೀನ್ ಹಣ್ಣಿನ ತೊಟ್ಟಿನ ಸುತ್ತ ಇರುವ ನಾಲ್ಕು ದಪ್ಪ ಎಲೆಗಳನ್ನು ಹೆಬ್ಬೆರಳಿನ ಉಗುರಿನಿಂದ ಎತ್ತುವುದು, ಅಡಿಯಲ್ಲಿ ಅಡಗಿದ ಇರುವೆಯನ್ನು ಗಾಳಿ ಪೈಪಿನಿಂದ ಊದಿ ಓಡಿಸುವುದು. ಹೇಳುವುದಕ್ಕೆ ಸುಲಭ. ಎಲೆ ಜಾಸ್ತಿ ಎತ್ತಿದರೆ ಮುರಿಯುತ್ತದೆ, ಮುರಿದ ಎಲೆಯ ಹಣ್ಣು ನಮ್ಮ ಮಾಲು ಕೊಳ್ಳುವ ಚೀನಾದವರಿಗೆ ಬೇಡ. ಕಡಿಮೆ ಎತ್ತಿದರೆ ಇರುವೆ ಒಳಗೇ ಉಳಿಯುತ್ತದೆ, ಆ ಹಣ್ಣೂ ಬೇಡ. ದಿನಕ್ಕೆ ಮೂರು ಸಾವಿರ ಹಣ್ಣು ಅವಳ ಕೈಯಲ್ಲಿ ಹಾದುಹೋಗುತ್ತಿದ್ದವು. ಪಕ್ಕದ ಮೇಜಿನಲ್ಲಿ ಹನ್ನೊಂದು ವರ್ಷ ಕೂತವಳು ನಾನು, ಎತಿ. ಅವಳ ಬಗ್ಗೆ ಬರೆಯಲು ನನಗಿಂತ ಹೆಚ್ಚು ಹಕ್ಕಿರುವವರು ಯಾರಾದರೂ ಇದ್ದರೆ ಬಂದು ಬರೆಯಲಿ.

ಇದರಲ್ಲಿ ಒಂದು ತಮಾಷೆಯಿದೆ. ಇಂಡೋನೇಷ್ಯಾದ ತಾಸಿಕ್ ಕಡೆಯ ನಮ್ಮ ಬೆಟ್ಟದ ಊರುಗಳಲ್ಲಿ ನಾವು ಇರುವೆ ಹತ್ತಿದ ಹಣ್ಣನ್ನೇ ಹುಡುಕಿ ತಿನ್ನುತ್ತೇವೆ. ಹುಳಿ ಹಣ್ಣಿನ ಹತ್ತಿರ ಇರುವೆ ಸುಳಿಯುವುದೇ ಇಲ್ಲ ಎಂಬುದು ನಮ್ಮ ನಂಬಿಕೆ. ಇಯೋಮಕ್ಕ ಚಿಕ್ಕವಳಿದ್ದಾಗ ಮರದಡಿ ನಿಂತು ಒಂದು ಕೊಂಬೆಯತ್ತ ಕೈ ತೋರಿಸಿದರೆ ಸಾಕು, ಅಲ್ಲಿನ ಹಣ್ಣು ಸಿಹಿಯೇ ಆಗಿರುತ್ತಿತ್ತಂತೆ. ಆ ಕಣ್ಣನ್ನು ನೋಡಿಯೇ ನಮ್ಮ ಪ್ಯಾಕಿಂಗ್ ಶೆಡ್ಡಿನ ಮೇಲ್ವಿಚಾರಕ ರುಸ್ಮಾನಣ್ಣ ಅವಳನ್ನು ಕೆಲಸಕ್ಕೆ ಕರೆದದ್ದು. ಇರುವೆ ಎಲ್ಲಿರುತ್ತದೆಂದು ಬಲ್ಲವಳು ತಾನೇ ಅದನ್ನು ಓಡಿಸಲೂ ಬಲ್ಲಳು!

ಮೊದಮೊದಲು ನಿಯಮ ಎರಡೋ ಮೂರೋ ಇದ್ದವು. ಆಮೇಲೆ ವರ್ಷಕ್ಕೊಂದು ಹುಟ್ಟಿಕೊಂಡಿತು. ಎಲೆಯಡಿ ಹಿಟ್ಟು ತಿಗಣೆಯ ಬಿಳಿ ಪುಡಿಯೂ ಕಾಣಬಾರದು. ಕಿಟಕಿಗೆ ಬಲೆ ಹಾಕಿಸಬೇಕು. ಪ್ರತಿ ಡಬ್ಬಿಯ ಮೇಲೆ ತೋಟದ ನಂಬರು ಇರಬೇಕು. ದಾರಿಯಲ್ಲಿ ಕೆಡದಿರಲೆಂದು ಹಣ್ಣನ್ನು ಕೆಂಪು ತಿರುಗುವಾಗಲೇ ಕೀಳಬೇಕು. ನಮ್ಮ ಪಾಲಿಗೆ ಅದಿನ್ನೂ ಹಣ್ಣೇ ಅಲ್ಲ. ದರ ಬೆಳಿಗ್ಗೆ ಫೋನಿನಲ್ಲಿ ಬರುತ್ತದೆ. ಥೈಲ್ಯಾಂಡಿನ ಹಣ್ಣು ಚೀನಾದಲ್ಲಿ ಬಂದಿಳಿದ ದಿನ ನಮ್ಮದನ್ನು ಕೇಳುವವರಿಲ್ಲ. ನಾನು ಎಲ್ಲರನ್ನೂ ಬೈಯುತ್ತಿದ್ದೆ. ಇಯೋಮಕ್ಕ ಯಾರನ್ನೂ ಬೈಯುತ್ತಿರಲಿಲ್ಲ. ಮಧ್ಯಾಹ್ನ ಬಾಳೆಲೆಯ ಗಂಟು ಬಿಚ್ಚಿ ಅನ್ನ, ಒಣಮೀನು ಮುಂದಿಟ್ಟುಕೊಂಡರೆ ಅವಳ ಬೆರಳು ಮಡಚುತ್ತಲೇ ಇರಲಿಲ್ಲ.

"ಏನಕ್ಕ, ಕೈ ಬರ್ತಾ ಇಲ್ವಾ?"

"ಬರತ್ತೆ ಬಿಡೇ ಎತಿ. ಅನ್ನ ಕಂಡ್ಮೇಲೆ ಬರದೆ ಎಲ್ಲಿಗೆ ಹೋಗತ್ತೆ?"

ಹೋದ ವರ್ಷ ಚೀನಾದ ಬಂದರಿನಲ್ಲಿ ಎರಡು ಸಲ ನಮ್ಮ ಡಬ್ಬಿಗಳಲ್ಲಿ ಇರುವೆ ಸಿಕ್ಕಿತು. ಅದಕ್ಕೇ ಈ ವರ್ಷ ಕೊಯ್ಲಿನ ನಡುವೆ ಆ ದೇಶದ ಪರೀಕ್ಷಕರೊಬ್ಬರು ಬಂದು ಶೆಡ್ಡು ನೋಡುತ್ತಾರೆಂದು ಕಾಗದ ಬಂತು. ಅವರು ಒಪ್ಪಿದರೆ ಶೆಡ್ಡಿನ ನೋಂದಣಿ ಉಳಿಯುತ್ತದೆ. ಒಪ್ಪದಿದ್ದರೆ ಮುಂದಿನ ವರ್ಷದವರೆಗೆ ಒಂದು ಡಬ್ಬಿಯೂ ಹಡಗು ಹತ್ತುವಂತಿಲ್ಲ. ಚೀನಾದವರ ಹೊಸ ವರ್ಷದ ಹಬ್ಬಕ್ಕೆ ಇನ್ನು ಹದಿನೆಂಟೇ ದಿನ. ಹಣ್ಣಿಗೆ ಬೆಲೆ ಸಿಗುವುದು ಆಗಲೇ. ಅರವತ್ತಮೂರು ಮನೆಯವರ ಹಣ್ಣು ಮರದ ಮೇಲಿತ್ತು.

ಪರೀಕ್ಷಕರು ಬಂದರು. ತೆಳ್ಳಗಿನ ಮನುಷ್ಯ, ಮೆಲು ಮಾತು, ಜೊತೆಗೊಬ್ಬ ದುಭಾಷಿ ಹೆಂಗಸು. ಇಯೋಮಕ್ಕ ಶುಚಿಮಾಡಿ ತುಂಬಿದ ಡಬ್ಬಿಗಳಿಂದ ಇನ್ನೂರು ಹಣ್ಣು ತೆಗೆಸಿ, ಭೂತಗನ್ನಡಿ ಹಿಡಿದು ಒಂದೊಂದನ್ನೂ ನೋಡಿದರು. ಎರಡು ಗಂಟೆ ನಾವು ನಿಂತೇ ಇದ್ದೆವು. ಏನೂ ಸಿಗಲಿಲ್ಲ. ಅವರು ಕುರ್ಚಿ ಎಳೆದುಕೊಂಡು, ಒಪ್ಪಿಗೆ ಬರೆಯಲು ಕಾಗದ ಬಿಚ್ಚಿ ಪೆನ್ನು ಕೈಗೆತ್ತಿಕೊಂಡರು.

ಅಷ್ಟರಲ್ಲಿ ಅದುಂಗಜ್ಜ ತಟ್ಟೆ ಹಿಡಿದು ಒಳಗೆ ಬಂದ. ಊರಿನ ಹಳೆಯ ತೋಟ ಅವನದು, ನಲವತ್ತು ಮರ. ಬೆಳಿಗ್ಗೆಯೇ ಅವನು ಇಯೋಮಕ್ಕನನ್ನು ಕರೆದು, "ಮಗಳೇ, ದೂರದಿಂದ ಬರ್ತಾ ಇದ್ದಾರೆ, ನಿನ್ನ ಕೈಯಿಂದಲೇ ನಾಲ್ಕು ಹಣ್ಣು ಆರಿಸ್ಕೊಡು" ಎಂದಿದ್ದ. ಅವಳು ಅತಿಥಿಗೆಂದೇ ಆರಿಸಿದ್ದಳು. ಮರದಲ್ಲೇ ಕಪ್ಪಾಗಿ ಮಾಗಿದ್ದು, ನಮ್ಮ ಪ್ರಕಾರ ಒಳ್ಳೆಯದೆಂದರೆ ಯಾವುದೋ ಅದನ್ನೇ. ಮೇಲೆ ಬಟ್ಟೆಯಲ್ಲಿ ಒರೆಸಿದ್ದಳಷ್ಟೇ, ಎಲೆ ಎತ್ತಿ ಊದಿರಲಿಲ್ಲ. ಹೊರಗಿನ ಜಗಲಿಯಲ್ಲಿ ಕೊಡು ಎಂದೂ ಹೇಳಿದ್ದಳು. ಅಜ್ಜನಿಗೆ ಜಗಲಿಯಲ್ಲಿ ನಿಂತು ಕಾಯುವಷ್ಟು ತಾಳ್ಮೆ ಎಲ್ಲಿತ್ತು?

"ಮನೆಗೆ ಬಂದವರನ್ನ ಬರೀ ಬಾಯಲ್ಲಿ ಕಳಿಸೋದುಂಟಾ?" ಎನ್ನುತ್ತ ತಟ್ಟೆಯನ್ನು ಮೇಜಿನ ಮೇಲಿಟ್ಟೇಬಿಟ್ಟ.

ರುಸ್ಮಾನಣ್ಣನ ಮುಖ ಬಿಳುಚಿತು. ಪರೀಕ್ಷಕರು ನಕ್ಕು ಒಂದು ಹಣ್ಣು ಒಡೆದು ತಿಂದರು, ಇನ್ನೊಂದನ್ನೂ ತಿಂದರು. ಮೂರನೆಯದಕ್ಕೆ ಕೈ ಹಾಕಿದಾಗ ತೊಟ್ಟಿನಡಿಯಿಂದ ಒಂದು ಕಪ್ಪು ಇರುವೆ ಹೊರಬಂದು, ತಟ್ಟೆಯಿಂದಿಳಿದು, ಅವರ ಬಿಳಿ ಕಾಗದವನ್ನು ಆ ತುದಿಯಿಂದ ಈ ತುದಿಯವರೆಗೆ ನಡೆದುಹೋಯಿತು.

ಪರೀಕ್ಷಕರು ಕೈ ಒರೆಸಿಕೊಂಡು ಮೆಲ್ಲಗೆ ಮಾತಾಡಿದರು. ದುಭಾಷಿ ನೆಲ ನೋಡುತ್ತ ಹೇಳಿದಳು: "ಶೆಡ್ಡಿನೊಳಗೆ ಜೀವಂತ ಕೀಟ ಕಂಡ್ರೆ ಬರೀಲೇಬೇಕಂತೆ. ಆದ್ರೆ ಹೇಗೆ ಬಂತು ಅಂತ ಗೊತ್ತಿದ್ದು, ಅದಕ್ಕೆ ಕಾರಣ ಆದವರನ್ನ ತೆಗೆದುಹಾಕಿದ್ರೆ ಶೆಡ್ಡಿನ ನೋಂದಣಿ ಉಳಿಯತ್ತೆ. ತೋಟದವರು ಕಾರಣ ಅಂದ್ರೆ ಆ ತೋಟದ ನಂಬರು ರದ್ದು. ಕೆಲಸದವರು ಅಂದ್ರೆ, ಅವರು ಇನ್ನು ಯಾವ ಶೆಡ್ಡಿನಲ್ಲೂ ಹಣ್ಣು ಮುಟ್ಟೋ ಹಾಗಿಲ್ಲ."

ಅಜ್ಜನಿಗೆ ಅರ್ಥವಾಯಿತು. ಅವನ ತುಟಿ ಅಲುಗಿತು. ಅವನು ಮಾತಾಡುವ ಮೊದಲೇ ಇಯೋಮಕ್ಕ ಮುಂದೆ ಬಂದಳು.

"ಹಣ್ಣು ಆರಿಸಿದ್ದು ನಾನು. ನನ್ನ ಹೆಸರು ಬರ್ಕೊಳ್ಳಿ."

"ಇಯೋಮ್, ನೀನು ಸುಮ್ನಿರು," ಎಂದ ರುಸ್ಮಾನಣ್ಣ. ಬಾಯಲ್ಲಿ ಹಾಗೆಂದನೇ ಹೊರತು ದನಿಯಲ್ಲಿ ಗಟ್ಟಿಯಿರಲಿಲ್ಲ. ಅವನಿಗೂ ನೋಂದಣಿ ಬೇಕಿತ್ತು. ನಮಗೆಲ್ಲರಿಗೂ ಬೇಕಿತ್ತು. ನಾನೂ ಬಾಯಿ ಬಿಡಲಿಲ್ಲ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

"ಸುಳ್ಳೇನು ಹೇಳ್ತಾ ಇಲ್ವಲ್ಲ ಅಣ್ಣ. ಬರೀಲಿ ಬಿಡಿ. ಇಲ್ಲಿ ಇಷ್ಟು ಹೊತ್ತು ನಿಂತು ಕಾಲೂ ನೋಯ್ತಿದೆ."

ಪರೀಕ್ಷಕರು ಅವಳ ಹೆಸರನ್ನು ಎರಡು ಸಲ ಕೇಳಿ ಬರೆದುಕೊಂಡರು. ಮೊಹರು ಒತ್ತಿದರು. ಎದ್ದು ನಿಂತವರು ಅವಳ ಮುಂದೆ ತುಸು ತಲೆ ಬಾಗಿಸಿ ಏನೋ ಅಂದರು.

"ಇಂಥ ಸಿಹಿ ಹಣ್ಣು ಇಷ್ಟು ವರ್ಷದಲ್ಲಿ ತಿಂದೇ ಇರ್ಲಿಲ್ಲ ಅಂತಾರೆ," ಎಂದಳು ದುಭಾಷಿ.

ಮಧ್ಯಾಹ್ನವೇ ಡಬ್ಬಿಗಳು ಲಾರಿ ಏರತೊಡಗಿದವು. ಇಯೋಮಕ್ಕ ತಲೆಯ ಟೊಪ್ಪಿ, ಏಪ್ರನ್ ಮಡಚಿ ಮೇಜಿನ ಮೇಲಿಟ್ಟು ಹೊರಟಳು. ನಾನು ಹಿಂದೆಯೇ ಓಡಿ ರಸ್ತೆಯಲ್ಲಿ ಅವಳನ್ನು ಹಿಡಿದುಕೊಂಡೆ. ದುಃಖಕ್ಕಿಂತ ಹೆಚ್ಚಾಗಿ ನನಗೆ ಸಿಟ್ಟು ಬಂದಿತ್ತು, ಯಾರ ಮೇಲೆಂದು ತಿಳಿಯದೆ ಅವಳ ಮೇಲೆಯೇ ಹರಿಹಾಯ್ದೆ.

"ಹುಚ್ಚು ಹಿಡಿದಿದ್ಯಾ ನಿಂಗೆ? ಒಳಗೆ ತಂದಿದ್ದು ಆ ಮುದುಕ! ನೀನು ಜಗಲೀಲಿ ಕೊಡು ಅಂದಿರ್ಲಿಲ್ವಾ?"

"ಅಂದಿದ್ದೆ. ಆದ್ರೆ ಆ ಮರಗಳ ನಂಬರು ಹೋದ್ರೆ ಅಜ್ಜ ಬದುಕ್ತಾನೇನೇ?"

"ನೀನು ಬದುಕೋದು ಹೇಗೆ? ನಿಂಗೇನಿದೆ?"

ಅವಳು ದಾರಿಬದಿಯ ಕಟ್ಟೆಯ ಮೇಲೆ ಕೂತು ಹೆಬ್ಬೆರಳನ್ನು ನೀವಿಕೊಂಡಳು. ಆಮೇಲೆ ದಣಿದ ಮುಖದಲ್ಲೇ ಸಣ್ಣಗೆ ನಕ್ಕಳು.

"ಹತ್ತೊಂಬತ್ತು ವರ್ಷ ಕಳಿಸಿದ್ದೀನಿ ಎತಿ. ಯಾರ್ ತಿಂತಾರೋ, ಹೇಗ್ ತಿಂತಾರೋ, ಒಂದ್ಸಲನೂ ಕಂಡಿರ್ಲಿಲ್ಲ. ಇವತ್ತು ಆ ಮನುಷ್ಯ ಮೊದಲ್ನೇ ತೊಳೆ ಬಾಯಿಗಿಟ್ಟಾಗ ಕಣ್ಣು ಮುಚ್ಕೊಂಡ್ಬಿಟ್ಟ. ನೋಡಿದ್ಯಾ ನೀನು?"

ನಾನು ನೋಡಿರಲಿಲ್ಲ. ಆಗ ನಾನು ಅವರ ಪೆನ್ನನ್ನೇ ನೋಡುತ್ತಿದ್ದೆ.