ಕ್ಯಾಬ್ ಲಿಸ್ಟಿನ ಮೂರನೇ ಹೆಸರು

ಇದನ್ನು ನಂಬಿ ಎಂದು ನಾನು ಕೇಳುವುದಿಲ್ಲ. ಇತಿಹಾಸದಲ್ಲಿ ಎಂ.ಎ. ಮಾಡಿದವಳು ನಾನು. ಕಣ್ಣಾರೆ ಕಂಡೆ ಅನ್ನುವವರನ್ನೇ ಮೊದಲು ಅನುಮಾನಿಸಬೇಕು ಎಂದು ಕಲಿತವಳು. ಆದರೂ ಆ ರಾತ್ರಿ ನಡೆದದ್ದು ನಿಜ. ಬೆಳಗ್ಗೆ ಆರಕ್ಕೇ ಕೂತು ಬರೆದ ಡೈರಿಯ ಪುಟಗಳು ನನ್ನ ಮುಂದಿವೆ. ಅವುಗಳಲ್ಲೂ ಒಂದು ಸಾಲು ನನ್ನ ನೆನಪಿಗೆ ಹೊಂದುವುದಿಲ್ಲ... ಅದನ್ನೂ ಹೇಳುತ್ತೇನೆ.

ನಮ್ಮ ಆಫೀಸು ರಾಮನಗರದಲ್ಲಿ, ಹೆದ್ದಾರಿಯ ಪಕ್ಕದ ಗಾಜಿನ ಕಟ್ಟಡದಲ್ಲಿ. ಬಹಳ ದೊಡ್ಡ ಕಂಪನಿ. ಜನ ಫೋನಿಗೆ ಕನ್ನಡದಲ್ಲಿ ಹೇಳಿದ್ದನ್ನು ಯಂತ್ರ ಸರಿಯಾಗಿ ಬರೆದುಕೊಂಡಿದೆಯೇ ಎಂದು ರಾತ್ರಿ ಶಿಫ್ಟಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೇಳಿ ತಿದ್ದುವುದು ನಮ್ಮ ಕೆಲಸ.

ನನ್ನ ಪಕ್ಕದ ಸೀಟು ನಸ್ರೀನಳದು. ನನ್ನ ಹಾಗೆ ಚನ್ನಪಟ್ಟಣದವಳೇ. ಅವಳ ಅಪ್ಪ ಬೊಂಬೆ ಮಾಡುವವರು. ಹಗಲೆಲ್ಲ ಅಪ್ಪನ ಜೊತೆ ಕೂತು ಬೊಂಬೆಗಳಿಗೆ ಅರಗಿನ ಬಣ್ಣ ಹಚ್ಚಿ ಶಿಫ್ಟಿಗೆ ಬರುತ್ತಿದ್ದಳು. ಎಷ್ಟು ತೊಳೆದರೂ ಕೈಯಿಂದ ಬಿಸಿ ಅರಗಿನ ವಾಸನೆ ಹೋಗುತ್ತಿರಲಿಲ್ಲ.

“ಅಕ್ಕಾ, ಇದು ನಮ್ ಮನೆ ಸೆಂಟು. ಕಾಸು ಕೊಟ್ರೂ ಸಿಗಲ್ಲ,” ಎಂದು ನನ್ನ ಮೂಗಿನ ಹತ್ತಿರ ಕೈ ಹಿಡಿಯುತ್ತಿದ್ದಳು.

ಗಿರೀಶ್ ನಮ್ಮ ಟೀಮ್ ಲೀಡರ್. ರೆಕಾರ್ಡಿಂಗ್ ಕೇಳದೆಯೇ ತಾನು ಪಾಸು ಮಾಡಿದ ಕೆಲಸದ ತಪ್ಪುಗಳನ್ನೆಲ್ಲ ನಸ್ರೀನಳ ಹೆಸರಿಗೆ ಹಾಕಿದ. ಅವಳು ಮೇಲಿನವರಿಗೆ ದೂರು ಬರೆದಳು. ದೂರು ಸುತ್ತಾಡಿ ಅವನ ಕೈಗೇ ಬಂತು. ಅವತ್ತೇ, ಶಿಫ್ಟಿನ ನಡುವೆ, ಅವಳ ಐಡಿ ಕಾರ್ಡ್ ಇಸಿದುಕೊಂಡು ಆಚೆ ಕಳಿಸಿದ.

ನಮ್ಮಲ್ಲಿ ಐಡಿ ಬಂದ್ ಆದರೆ ಮನೆಗೆ ಬಿಡುವ ಕ್ಯಾಬ್ ಲಿಸ್ಟಿನಿಂದಲೂ ಹೆಸರು ಹೋಗುತ್ತದೆ. ಶಿಫ್ಟು ಮುಗಿಯುವ ರಾತ್ರಿ ಮೂರರವರೆಗೆ ಅವಳು ಗೇಟಿನಲ್ಲಿ ನಮಗಾಗಿ ಕಾದಳು.

“ಹತ್ತವ್ವಾ, ಹೋಗೋದು ಅದೇ ದಾರಿ ತಾನೆ,” ಅಂದ ಡ್ರೈವರ್ ಪುಟ್ಟಸ್ವಾಮಣ್ಣ.

“ಲಿಸ್ಟಲ್ಲಿ ಇಲ್ದೋರನ್ನ ಹತ್ತಿಸಿದ್ರೆ ನಾಳೆಯಿಂದ ನಿನ್ ಗಾಡಿನೂ ಇರಲ್ಲ,” ಎಂದ ಗಿರೀಶ್, ಮುಂದಿನ ಸೀಟಿನಿಂದ. “ರೂಲ್ಸು ರೂಲ್ಸೇ.”

ಅವಳು ನನ್ನನ್ನು ನೋಡಿದಳು. ನಾನು ಫೋನ್ ನೋಡುತ್ತಾ ಕೂತೆ.

ಬಸ್ಸು ಸಿಗಬಹುದೆಂದು ಹೆದ್ದಾರಿಗೆ ನಡೆದು ಹೋದವಳಿಗೆ ಲಾರಿ ಗುದ್ದಿತು. ಅಲ್ಲೇ ಜೀವ ಹೋಯಿತು. ಮರುದಿನ ಗಿರೀಶ್ ಒಂದು ಹಾಳೆ ತಂದ. ‘ಕ್ಯಾಬ್ ಬೇಡವೆಂದು ಆಕೆಯೇ ಸಿಟ್ಟಿನಿಂದ ಹೊರಟುಹೋದಳು.’ ಪುಟ್ಟಸ್ವಾಮಣ್ಣ ಸಹಿ ಹಾಕಿದ. ನಾನೂ ಹಾಕಿದೆ.

ಅವಳ ತಾಯಿ ನನ್ನ ಕೈ ಹಿಡಿದು, “ಗಾಡಿ ಬೇಡ ಅಂತ ಅವಳೇ ಹೋದ್ಲಾ ಬೇಟಿ? ಅಷ್ಟು ಹಟದವಳಲ್ಲ ಅವಳು,” ಎಂದಾಗ, ಹೌದಮ್ಮ ಅಂದುಬಿಟ್ಟೆ.

ಆಮೇಲೆ ಎಷ್ಟು ರಾತ್ರಿ ಗಿರೀಶನ ಬೆನ್ನನ್ನೇ ನೋಡುತ್ತಾ ಅವನಿಗೆ ಕೇಡು ಬಯಸಿದ್ದೇನೋ ಲೆಕ್ಕವಿಲ್ಲ. ನನ್ನ ಸಹಿಯ ಸಿಟ್ಟನ್ನೂ ಅವನ ಮೇಲೆಯೇ ಹಾಕಿದ್ದೆ.

ಅವಳು ಸತ್ತ ನಲವತ್ತನೇ ದಿನಕ್ಕೆ ಇನ್ನೆರಡು ದಿನವಿತ್ತು. ರಾತ್ರಿ ಮೂರು ಗಂಟೆ. ಗಿರೀಶ್ ಮುಂದೆ, ನಾನು ಹಿಂದೆ. ಪುಟ್ಟಸ್ವಾಮಣ್ಣ ಗಾಡಿ ಸ್ಟಾರ್ಟ್ ಮಾಡದೆ ಫೋನಿನಲ್ಲಿ ಬಂದ ಕ್ಯಾಬ್ ಲಿಸ್ಟನ್ನೇ ನೋಡುತ್ತಿದ್ದ.

“ಸಾ... ಮೂರು ಹೆಸ್ರು ತೋರುಸ್ತೈತೆ.”

“ಇರೋದು ಇಬ್ರೇ ಕಣಯ್ಯ.”

“ಆ ಮಗಿದು ಸಾ. ನಸ್ರೀನ್.”

ಗಿರೀಶ್ ಫೋನ್ ಕಿತ್ತುಕೊಂಡು ನೋಡಿದ. “ಸಿಸ್ಟಮ್ ಪ್ರಾಬ್ಲಮ್. ಬಂದಿಲ್ಲ ಅಂತ ಒತ್ತು.”

ಒತ್ತಿದರೆ ಹತ್ತು ನಿಮಿಷ ಕಾಯಬೇಕು. ಅದೂ ಒಂದು ರೂಲ್ಸೇ. ಕಾದೆವು. ಗೇಟಿನ ದೀಪ ಮಿಣುಕುತ್ತಿತ್ತು. ಆಗ ಬಂತು, ಬಿಸಿ ಅರಗಿನ ವಾಸನೆ. ಚನ್ನಪಟ್ಟಣದವರಿಗೆ ಅದೇನೂ ಹೊಸದಲ್ಲ, ನನ್ನ ಬಟ್ಟೆಯಲ್ಲೇ ಇದ್ದಿರಬಹುದು. ಆದರೆ ಅದು ನನ್ನ ಮೂಗಿನ ತೀರಾ ಹತ್ತಿರವಿತ್ತು.

ಫೋನ್ ಟಿಣ್ ಎಂದಿತು.

“ಹತ್ತುದ್ರು ಅಂತೈತೆ ಸಾ,” ಎಂದ ಪುಟ್ಟಸ್ವಾಮಣ್ಣ, ಮೆಲ್ಲಗೆ.

“ನಡಿ ನಡಿ,” ಎಂದ ಗಿರೀಶ್. ನಗಲು ನೋಡಿದ.

ಗಾಡಿ ಹೊರಟಿತೋ ಇಲ್ಲವೋ, ಬೀಪ್... ಬೀಪ್... ಬೀಪ್... ಬೆಲ್ಟ್ ಹಾಕದೆ ಯಾರಾದರೂ ಕೂತರೆ ಬಡಿದುಕೊಳ್ಳುವ ಸದ್ದು.

“ಮೇಡಂ, ಸೀಟ್ ಮೇಲಿರೋ ಬ್ಯಾಗ್ ತೆಗೀರಿ.”

“ಬ್ಯಾಗ್ ನನ್ನ ತೊಡೆ ಮೇಲಿದೆ ಸರ್.”

ಬೀಪ್... ಬೀಪ್... ಆಮೇಲೆ ನನ್ನ ಎಡಕ್ಕೆ ಕಟಕ್ ಎಂದು ಒಂದು ಸದ್ದು. ಬೀಪ್ ನಿಂತಿತು.

ನಾನು ತಿರುಗಿ ನೋಡಲಿಲ್ಲ. ಅಷ್ಟು ನನಗೆ ಖಚಿತ. ಆದರೆ ಡೈರಿಯಲ್ಲಿ ನನ್ನದೇ ಅಕ್ಷರದಲ್ಲಿ ಹೀಗಿದೆ: ‘ಚನ್ನಪಟ್ಟಣದವರೆಗೂ ಹಿಂದೆ ನಾವಿಬ್ಬರು ಸುಮ್ಮನೆ ಕೂತಿದ್ದೆವು.’ ಹಾಗೆ ಯಾಕೆ ಬರೆದೆ, ಗೊತ್ತಿಲ್ಲ.

ನನ್ನ ಬೀದಿ ಬಂತು. ಹೆಂಗಸರನ್ನು ಮೊದಲು ಇಳಿಸಬೇಕು. ಗಿರೀಶನ ಮನೆ ಇನ್ನೂ ಮುಂದೆ, ಬೈರಾಪಟ್ಟಣದಲ್ಲಿ.

“ನಸ್ರೀನ್ ಮನೆ ತಾವ ನಿಲ್ಲುಸ್ಲಾ ಸಾ?” ಎಂದು ಕೇಳಿದ ಪುಟ್ಟಸ್ವಾಮಣ್ಣ ಮತ್ತೆ ಫೋನ್ ನೋಡಿದ. “ಸಾ, ಇಳ್ಸೋ ಜಾಗ ನಿಮ್ ಮನೆ ತೋರುಸ್ತೈತೆ. ನಿಮ್ಗೂ ಅದೇ, ಆ ಮಗಿಗೂ ಅದೇ.”

ಯಾರೋ ವಿಳಾಸ ತಪ್ಪು ಹಾಕಿರಬಹುದು. ಸತ್ತವರ ಹೆಸರು ಲಿಸ್ಟಿಗೆ ವಾಪಸ್ ಬರುವುದೂ ಕಂಪನಿಗಳಲ್ಲಿ ಇದ್ದದ್ದೇ. ಈಗ ಹಗಲಲ್ಲಿ ಕೂತು ಇದೆಲ್ಲ ಯೋಚಿಸಬಲ್ಲೆ.

ಗಿರೀಶ್ ನನ್ನ ಕಡೆ ತಿರುಗಿದ. ಬೀದಿ ದೀಪದಲ್ಲಿ ಅವನ ಮುಖ ಬೆವರಿತ್ತು. “ಮೇಡಂ, ಇಳೀಬೇಡಿ. ನಮ್ಮನೆವರೆಗೂ ಬನ್ನಿ. ಇವನು ವಾಪಸ್ ತಂದು ಬಿಡ್ತಾನೆ.”

“ಅವಳು ಕ್ಯಾಬ್ ಬೇಡ ಅಂದಿದ್ಲಾ ಸರ್?”

“ಮೇಡಂ, ದಯವಿಟ್ಟು...”

“ಹೇಳಿ. ಅಂದಿದ್ಲಾ?”

“ಇಲ್ಲ. ನಾನೇ ಹತ್ತಿಸ್ಲಿಲ್ಲ. ಸಾಕಾ? ಬನ್ನಿ ಈಗ.”

ಹೋಗಬಹುದಿತ್ತು. ಬರೀ ಹತ್ತು ನಿಮಿಷದ ದಾರಿ. “ಲಿಸ್ಟಲ್ಲಿ ನನ್ನ ಮನೆ ಇದೇ ಸರ್,” ಎಂದು ಇಳಿದೆ. ಬಾಗಿಲು ಹಾಕುವ ಮುಂಚೆ ಬಗ್ಗಿ, ಆ ಖಾಲಿ ಸೀಟಿಗೆ, “ಹುಷಾರು ಕಣೇ, ಹೋಗಿ ಬಾ,” ಅಂದೆ. ಹೆದರಿ ಅಂದದ್ದಲ್ಲ. ಅವನಿಗೆ ಕೇಳಲಿ ಎಂದೇ ಅಂದದ್ದು.

ಪುಟ್ಟಸ್ವಾಮಣ್ಣ ಆಮೇಲೆ ಹೇಳಿದ್ದಿಷ್ಟು. ಬೈರಾಪಟ್ಟಣದಲ್ಲಿ ಗಿರೀಶ್ ಒಬ್ಬನೇ ಇಳಿದ. ಫೋನ್ ಎರಡು ಸಲ ಟಿಣ್ ಎಂದಿತು. ಗಿರೀಶ್ ಗೇಟು ಹಾಕಿಕೊಂಡು ಒಳಗೆ ಹೋದ ಮೇಲೆ ಗೇಟು ಮತ್ತೊಮ್ಮೆ ತೆರೆದು ಮುಚ್ಚಿತು. “ಗಾಳಿ ಇರ್ಲಿಲ್ಲ ಕಣವ್ವಾ. ನಾನ್ ಹಿಂದುಕ್ ತಿರುಗಿ ನೋಡ್ಲಿಲ್ಲ, ಬಂದ್ಬುಟ್ಟೆ.”

ಮರುದಿನವೇ ನನ್ನ ಹೇಳಿಕೆ ಸುಳ್ಳೆಂದು ಕಂಪನಿಗೂ ಪೊಲೀಸರಿಗೂ ಬರೆದು ಕೊಟ್ಟೆ. ನಸ್ರೀನಳ ತಾಯಿಯ ಮುಂದೆ ಕೂತು ಎಲ್ಲವನ್ನೂ ಹೇಳಿದೆ. ಆಕೆ ಅಳಲಿಲ್ಲ.

“ಗಾಡೀಲಿ ಜಾಗ ಇತ್ತಾ ಬೇಟಿ?”

“ಇತ್ತಮ್ಮ.”

ಆಕೆ ಎದ್ದು ಒಳಗೆ ಹೋದರು. ಮತ್ತೆ ಹೊರಗೆ ಬರಲಿಲ್ಲ.

ಗಿರೀಶ್ ಆ ರಾತ್ರಿಯಿಂದ ಕೆಲಸಕ್ಕೆ ಬಂದಿಲ್ಲ. ಹೋದ ವಾರ, ನನ್ನ ರಜೆಯ ದಿನ, ರಾತ್ರಿ ಮೂರು ದಾಟಿದ ಮೇಲೆ ಅವನ ಹೆಂಡತಿಯ ಫೋನ್ ಬಂತು. ಪಿಸುಗುಟ್ಟುತ್ತಿದ್ದಳು.

“ಮೇಡಂ, ದಿನಾ ಇದೇ ಹೊತ್ಗೆ ಎದ್ದು ಗೇಟಿಗೆ ಹೋಯ್ತಾರೆ. ಅವಳು ನಿಂತವಳೆ, ಒಳಿಕ್ ಕರೆದ್ರೆ ಬರಲ್ಲ ಅಂತಾರೆ. ನನಗೇನೂ ಕಾಣಲ್ಲ. ನೀವ್ ಅವಳ ಫ್ರೆಂಡಂತೆ. ಒಂದ್ಸಲ ಬಂದು ಕರ್ಕೊಂಡೋಗಿ...”

“ಅವಳು ಹೋಗೋವರೆಗೂ ಜೊತೇಲಿ ನಿಂತ್ಕೊಳ್ಳಕ್ಕೆ ಹೇಳಿ,” ಅಂದೆ.

“ನಿಂತ್ಕೊತಾರೆ ಮೇಡಂ. ಬೆಳಕಾಗೋ ತನಕ.”

ನಾನು ಫೋನ್ ಇಟ್ಟೆ. ಮಲಗಿದೆ. ನನ್ನ ನೆನಪಿನಲ್ಲಿರುವುದು ಇಷ್ಟೇ.

ಬೆಳಗ್ಗೆ ಕಾಫಿ ಕೊಡುತ್ತಾ ಅಮ್ಮ ಕೇಳಿದರು. “ರಾತ್ರಿ ಯಾರೇ ಬಂದಿದ್ದು? ಅಷ್ಟ್ ಹೊತ್ನಲ್ಲಿ ಇಬ್ರೂ ಸೇರ್ಕೊಂಡು ನಗ್ತಿದ್ರಲ್ಲ.”