ಕಾರಿಗೆ ಒಗ್ಗದ ಸೊಸೆ

ಎಪ್ಪತ್ತರ ದಶಕದ ಆರಂಭದಲ್ಲಿ ಸಿರುಗುಪ್ಪದಿಂದ ಬಳ್ಳಾರಿಗೆ ಸೊಸೆಯಾಗಿ ಬಂದಾಗ ನಾನು ಅತ್ತೆಯ ಜೊತೆಗೂ, ಮಾವನವರು ಬಿಟ್ಟುಹೋಗಿದ್ದ ಹಳೆಯ ಕಾರಿನ ಜೊತೆಗೂ ಹೊಂದಿಕೊಳ್ಳಬೇಕಿತ್ತು. ಅತ್ತೆಯದೇ ಸುಲಭ. ನನ್ನ ಗಂಡ ವಕೀಲರು. ಅವರು ಆ ಕಾರನ್ನು ಒರೆಸಿ, ತೊಳೆದು, ಮುದ್ದು ಮಾಡುವುದನ್ನು ನೋಡಿ ನನಗೂ ನಾಲ್ಕು ಗಾಲಿ ಇದ್ದಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅನ್ನಿಸಿದ್ದುಂಟು.

ಮದುವೆ ಮುಗಿಸಿ ಹೊರಡುವಾಗ ಅವ್ವ ನನ್ನ ಉಡಿ ತುಂಬಿದಳು. ಅಕ್ಕಿ, ತೆಂಗಿನಕಾಯಿ, ಕೊಬ್ಬರಿ ಬಟ್ಟಲು, ಅರಿಷಿಣದ ಕೊಂಬು, ಎಲೆ ಅಡಿಕೆ. ಸೆರಗಿನಲ್ಲಿ ಹಿಡಿದಿದ್ದನ್ನೆಲ್ಲ ಆಮೇಲೆ ಬಟ್ಟೆಯ ಚೀಲಕ್ಕೆ ಸುರಿದು ಕೊಟ್ಟಳು. ಉಡಿ ಅಕ್ಕಿಯನ್ನು ಕಾಲ ಹತ್ತಿರ ಇಡುವಂತಿಲ್ಲ. ಹಿಂದಿನ ಸೀಟಿನಲ್ಲಿ ಅತ್ತೆ, ನಾದಿನಿ, ಬುತ್ತಿಗಂಟು, ಹಾಸಿಗೆ ಸುರುಳಿ. "ತಡಿ, ಇಲ್ಲಿ ತೂಗು ಹಾಕ್ತೀನಿ," ಎಂದು ನನ್ನ ಗಂಡ ಚೀಲದ ಹಿಡಿಕೆಯನ್ನು ಡ್ಯಾಶ್‌ಬೋರ್ಡಿನಿಂದ ಹೊರಚಾಚಿದ್ದ ಒಂದು ಗುಂಡನೆಯ ಗುಬುಟಿಗೆ ಸಿಕ್ಕಿಸಿದರು. ಅಂದಿನಿಂದ ನನ್ನ ಉಡಿಯ ಜಾಗ ಅದೇ ಆಯಿತು.

ಬಳ್ಳಾರಿಯ ಮನೆಯ ಮುಂದೆ ಕಾರು ನಿಂತಿತು. ಎಂಜಿನ್ ಆರಿಸುವ ಮೊದಲೇ ಮುತ್ತೈದೆಯರು ಆರತಿ ತಂದರು. ಕಾರು ಗಡಗಡ ನಡುಗಿ, ಎರಡು ಸಲ ಕೆಮ್ಮಿ, ಹಿಂದಿನಿಂದ ಕರಿ ಹೊಗೆ ಬಿಟ್ಟು ತಾನೇ ಆರಿಹೋಯಿತು. ಆರತಿ ಹಿಡಿದ ಒಬ್ಬಾಕೆ, "ಸೊಸಿ ಕಾಲ್ಗುಣ ಜೋರ್ ಐತಿ ಬಿಡ್ರಿ," ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮೊದಲ ದಿನ ಸೊಸೆ ಇನ್ನೇನು ಮಾಡಿಯಾಳು.

ಆದರೆ ಆ ನಗು ಬೇಗ ಹಳಸಿತು. ಗಂಡ ಒಬ್ಬರೇ ಕೋರ್ಟಿಗೆ ಹೋದರೆ ಕಾರಿಗೆ ಯಾವ ಕಾಯಿಲೆಯೂ ಇಲ್ಲ. ನಾನು ತವರಿಗೆ ಹೋಗಲಿ, ತವರಿನಿಂದ ಬರಲಿ, ಎಂಜಿನ್ ಬಿಸಿಯಾದ ಮೇಲೆ ನಿಂತಲ್ಲೆಲ್ಲ ಅದಕ್ಕೆ ಚಳಿಜ್ವರ. ಓಡುವಾಗ ತಕರಾರಿಲ್ಲ, ನಿಂತರೆ ನಡುಕ. ಕೌಲ್ ಬಜಾರಿನ ಮಿಸ್ತ್ರಿ ಸಾಬರು ಪ್ಲಗ್ಗು ಬದಲಿಸಿದರು, ಕಾರ್ಬೊರೇಟರ್ ಬಿಚ್ಚಿ ತೊಳೆದರು. ಗಂಡ ಪ್ರತಿ ಸಲವೂ ಒಬ್ಬರೇ ಹೋಗುತ್ತಿದ್ದರು, ಕಾರು ಅಲ್ಲಿ ಸಂಭಾವಿತನಂತೆ ನಿಲ್ಲುತ್ತಿತ್ತು. "ವಕೀಲ್ ಸಾಬ್, ಗಾಡಿಗೆ ಏನೂ ಆಗಿಲ್ರಿ. ನಿಮಗ ಕೋರ್ಟಿನಾಗ ಕೆಲಸ ಕಮ್ಮಿ ಆಗೇತೇನ್ರಿ?" ಎಂದು ಮಿಸ್ತ್ರಿ ಕೇಳಿದರಂತೆ.

ಅಷ್ಟರಲ್ಲಿ ನಾದಿನಿಗೆ ಕುರುಗೋಡಿನ ಗಂಡು ಗೊತ್ತಾಯಿತು. ನಿಶ್ಚಯಕ್ಕೆ ನಾವೇ ಅಲ್ಲಿಗೆ ಹೋಗಬೇಕಿತ್ತು. ಅತ್ತೆ ರೊಟ್ಟಿ ತಟ್ಟುತ್ತ, ಮುಖ ಎತ್ತದೆ ಹೇಳಿದರು: "ನೀ ಬಸ್ಸಿಗೆ ಬಾರವಾ. ಬೀಗರ ಬಾಗಲಾಗ ಗಾಡಿ ಕೆಟ್ಟು ನಿಂತ್ರ ಚಂದ ಕಾಣಂಗಿಲ್ಲ." ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಹೆಚ್ಚು ನೋವಾಯಿತು. ಈ ಸಲ ಬಸ್ಸು ಹತ್ತಿದರೆ ಆ ಮನೆಯಲ್ಲಿ ನಾನು ಜೀವನಪೂರ್ತಿ ಕೆಟ್ಟ ಕಾಲಿನ ಸೊಸೆಯೇ.

"ರೀ, ಮಿಸ್ತ್ರಿ ಹತ್ರ ನನ್ನೂ ಕರಕೊಂಡು ಹೋಗ್ರಿ," ಎಂದೆ. "ನಾ ಇದ್ದಾಗ ಬರೋ ರೋಗ, ನಾ ಇಲ್ದಾಗ ತೋರಿಸಿದ್ರ ಹೆಂಗ ಸಿಗತೈತಿ?" ವಕೀಲರು ಕಾರಿನ ಕೀಲಿ ಕೈಗೆತ್ತಿಕೊಂಡರು.

ಮಿಸ್ತ್ರಿಯೂ ಕೂಡಲೇ ಒಪ್ಪಿದರು. "ಅಮ್ಮಾರು ಹೇಳೋದು ಖರೆ ಐತ್ರಿ. ಊರಿಗೆ ಹೋಗುವಾಗ ಏನೇನ್ ಮಾಡ್ತೀರಿ, ಎಲ್ಲಾ ಹಂಗ ಮಾಡ್ರಿ. ಒಂದೂ ಬಿಡಬ್ಯಾಡ್ರಿ. ನಾ ಹಿಂದ ಕುಂತು ನೋಡ್ತೀನಿ."

ಹಾಗಾಗಿ ಮಿಸ್ತ್ರಿಯನ್ನು ಕೂರಿಸಿಕೊಂಡು ಮನೆಗೆ ಬಂದೆವು, ಅತ್ತೆ ಅಂದೂ ನೆರೆಮನೆಯ ಮುತ್ತೈದೆಯನ್ನು ಕರೆದು ನನಗೆ ಉಡಿ ತುಂಬಿಸಿದರು. ಪರೀಕ್ಷೆಗೇ ಆದರೂ ಸೊಸೆಯನ್ನು ಬರಿ ಉಡಿಯಲ್ಲಿ ಊರು ದಾಟಿಸುವ ಮನೆ ಅದಲ್ಲ. ಗಂಡ ಚೀಲವನ್ನು ಎಂದಿನಂತೆ ಗುಬುಟಿಗೆ ಸಿಕ್ಕಿಸಿದರು. ಕೊಳಗಲ್ಲಿನ ಹತ್ತಿರ ಬೇವಿನ ಮರದ ಕೆಳಗೆ ನಿಲ್ಲಿಸಿದ್ದೇ ತಡ, ಕಾರು ನಡುಗಲು ಶುರುಮಾಡಿತು. ಅದು ನಡುಗಿದ್ದಕ್ಕೆ ನಾನು ಸಂತೋಷಪಟ್ಟಿದ್ದು ಅದೊಂದೇ ಸಲ.

ಎಂಜಿನ್ ಆರಿಸಬೇಡಿ ಎಂದು ಮಿಸ್ತ್ರಿ ಬಾನೆಟ್ ಎತ್ತಿದರು, ಮೂಗು ಚಾಚಿ ಪೆಟ್ರೋಲ್ ವಾಸನೆ ಹಿಡಿದರು. ಗಾಳಿಯ ಡಬ್ಬಿ ತೆಗೆದು ಕಾರ್ಬೊರೇಟರಿನ ಬಾಯೊಳಗೆ ಇಣುಕಿದರು. ಅಲ್ಲೊಂದು ಪುಟ್ಟ ತಗಡಿನ ಮುಚ್ಚಳ. ಎಂಜಿನ್ ತಣ್ಣಗಿದ್ದಾಗ ಗಾಳಿ ತಡೆದು ಹೆಚ್ಚು ಪೆಟ್ರೋಲ್ ಕುಡಿಸುವುದು ಅದರ ಕೆಲಸ, ಬಿಸಿಯಾದ ಮೇಲೆ ಪೂರ್ತಿ ತೆರೆದಿರಬೇಕು. ಅದು ಅರ್ಧ ಮುಚ್ಚಿತ್ತು. ಬೆರಳಿನಿಂದ ತೆರೆದು ಹಿಡಿದರು, ನಡುಕ ನಿಂತಿತು. ಬಿಟ್ಟರು, ಮತ್ತೆ ನಡುಕ.

"ಚೋಕ್ ಯಾಕ ಎಳದೀರಿ, ಸಾಬ್?"

"ನಾ ಯಾಕ ಎಳೀಲಿ? ಮನಿ ಬಿಡುವಾಗ ಒಳಗ ತಳ್ಳೀನಿ."

ಮಿಸ್ತ್ರಿ ನನ್ನ ಕಿಟಕಿಯ ಹತ್ತಿರ ಬಂದು ಒಳಗೆ ನೋಡಿದರು. ಚೀಲದ ಹಿಡಿಕೆ ಸಿಕ್ಕಿಸಿದ್ದ ಗುಬುಟಿ ಒಂದು ಬೆರಳುದ್ದ ಹೊರಗೆ ಬಂದಿತ್ತು. ಎಳೆದರೆ ಆ ತಗಡಿನ ಮುಚ್ಚಳ ಮುಚ್ಚುವ ಚೋಕ್ ಅದೇ. "ಅಮ್ಮಾರ, ಅದು ಉಡಿ, ನಾ ಮುಟ್ಟಂಗಿಲ್ಲ. ನೀವ ತಗೀರಿ," ಎಂದರು. ನಾನು ಚೀಲ ತೆಗೆದೆ, ಗುಬುಟಿಯನ್ನು ಅವರು ಒಳಗೆ ತಳ್ಳಿದರು. ಎಂಜಿನ್ ಹಾಲು ಕುಡಿದ ಕೂಸಿನಂತೆ ಸುಮ್ಮನೆ ಗುನುಗತೊಡಗಿತು. ಅಕ್ಕಿ, ತೆಂಗಿನಕಾಯಿಯ ಭಾರ ದಾರಿಯ ಒಂದೊಂದು ತಗ್ಗಿಗೂ ಚೋಕನ್ನು ಚೂರುಚೂರೇ ಎಳೆಯುತ್ತಿತ್ತು. ನಮ್ಮ ದಾರಿಯಲ್ಲಿ ತಗ್ಗಿಗೇನು ಬರ. ಅದನ್ನು ಅಲ್ಲಿ ತೂಗುಹಾಕಿದ ಮಹಾಶಯರು ಬೇವಿನ ಮರವನ್ನು ಬಹಳ ಶ್ರದ್ಧೆಯಿಂದ ನೋಡುತ್ತ ನಿಂತಿದ್ದರು. ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಎಲ್ಲವೂ ನಗುವಿನ ನೀರಲ್ಲ ಎಂಬುದು ನನಗೆ ಗೊತ್ತಿತ್ತು.

ಮನೆ ಬಾಗಿಲಲ್ಲಿ ಎಂಜಿನ್ ಚಾಲೂ ಇಟ್ಟೇ ಮಿಸ್ತ್ರಿ ಅತ್ತೆಗೆ ಎಲ್ಲ ವಿವರಿಸಿದರು. ಅತ್ತೆ ಕಾರನ್ನು ನೋಡಿದರು, ಮಗನನ್ನು ನೋಡಿದರು, "ಹೌದಾ," ಎಂದು ಚಹಾ ಮಾಡಲು ಒಳಗೆ ಹೋದರು. ನನಗೆ ಒಂದು ಮಾತೂ ಇಲ್ಲ. ಎರಡು ದಿನ ಕಾದೆ. ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ನಿಶ್ಚಯದ ದಿನ ಅತ್ತೆ, "ಮುಂದ ಕೂಡು," ಎಂದಷ್ಟೇ ಹೇಳಿ ನನ್ನ ಉಡಿಯ ಚೀಲವನ್ನು ಕುರುಗೋಡಿನ ತನಕ ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಶಾಸ್ತ್ರ ಮುಗಿದು ಊಟಕ್ಕೆ ಕೂತಾಗ ಗಂಡಿನ ಸೋದರತ್ತೆ ನಾದಿನಿಯತ್ತ ನೋಡಿ ನಕ್ಕರು. "ಇನ್ನ ಈಕಿ ಕಾಲ್ಗುಣ ಹೆಂಗೈತೋ ನೋಡಾಣ." ಹುಡುಗಿಯ ಮುಖ ಬಾಡಿತು. ಅತ್ತೆ ಕೈಯಲ್ಲಿದ್ದ ತುತ್ತನ್ನು ಎಲೆಗೆ ಇಳಿಸಿದರು.

"ಏನರೆ ಕೆಟ್ರ ಮೊದಲ ನಿಮ್ಮ ಗಾಡಿ ನೋಡ್ರಿ. ಆಮ್ಯಾಲ ನಿಮ್ಮ ಹುಡುಗನ್ನ ನೋಡ್ರಿ. ಹುಡುಗಿ ಕಾಲು ನೋಡೋದು ಕಡೀಕ. ನಾ ನನ್ನ ಸೊಸೀದು ಮೊದಲ ನೋಡಿ ತಪ್ಪು ಮಾಡೀನಿ."

ಬೀಗರಿಗೆ ತಲೆಬುಡ ತಿಳಿಯಲಿಲ್ಲ. ನನ್ನ ಗಂಡ ತಲೆ ತಗ್ಗಿಸಿ ಇನ್ನೊಂದು ಹೋಳಿಗೆ ಹಾಕಿಸಿಕೊಂಡರು.