ಮೊಸಳೆ ನೂರಿಸ್

ಕಾರ್ತಹೇನಾ ಬಂದರಿನ ನಮ್ಮ ಬೀದಿಯಲ್ಲಿ ಅಂಗಡಿಗೆ ಹೋಗಿ ವಿನೈಲ್ ಕೊಡಿ ಅಂದರೆ, ಯಾವ ಬಣ್ಣದ್ದು ಎಂದು ಕೇಳುತ್ತಾರೆ. ಗೋಡೆಗೆ ಬಳಿಯುವ ಬಣ್ಣ ಇಲ್ಲಿ ವಿನೈಲ್. ಬಸ್ಸಿನ ಸೀಟಿಗೆ ಹೊದಿಸಿದ್ದೂ, ಊಟದ ಮೇಜಿನ ಹೂವಿನ ಹಾಸೂ ವಿನೈಲೇ. ನೂರಿಸ್ ಕಸ್ಸಿಯಾನಿ ವಾರವೆಲ್ಲ ಮನೆಗಳ ಗೋಡೆಗೆ ವಿನೈಲ್ ಬಳಿಯುತ್ತಿದ್ದಳು. ಭಾನುವಾರ ಮಧ್ಯಾಹ್ನ ಇನ್ನೊಂದು ವಿನೈಲನ್ನು, ಹಾಡಿನ ಕಪ್ಪು ತಟ್ಟೆಯನ್ನು, ತಿರುಗಿಸುತ್ತಿದ್ದಳು.

ಅವಳ ಗಂಡ ಅನ್ಸೆಲ್ಮೊ ಬೀದಿ ಕುಣಿತಕ್ಕೆಂದು ಆಳೆತ್ತರದ ಸ್ಪೀಕರ್ ಪೆಟ್ಟಿಗೆ ಕಟ್ಟಿದ್ದ. ಇಂಥದ್ದಕ್ಕೆ ಪಿಕೋ ಅನ್ನುತ್ತಾರೆ. ಪ್ರತಿ ಪಿಕೋಗೂ ಒಂದು ಹೆಸರು, ಎದೆಯ ಮೇಲೊಂದು ಚಿತ್ರ. ಅನ್ಸೆಲ್ಮೊನ ಪಿಕೋ ಹೆಸರು ಮೊಸಳೆ. ಬಾಯಿ ತೆರೆದ ಆ ಹಸಿರು ಮೊಸಳೆಯನ್ನು ಬರೆದವಳು ನೂರಿಸ್. ಚಿತ್ರ ಬರೆಸಲು ಬಂದವನು ಅವಳನ್ನೇ ಮದುವೆಯಾದ.

ಬೇರೆ ಯಾರ ಬಳಿಯೂ ಇಲ್ಲದ ಹಾಡೇ ಪಿಕೋದ ಮಾನ. ಹಡಗಿನವರು ಆಫ್ರಿಕಾದಿಂದ ತಂದ ತಟ್ಟೆ ಕೈಗೆ ಬಂದೊಡನೆ ಅದರ ನಡುವಿನ ಕಾಗದವನ್ನು ಕೆರೆದು ತೆಗೆಯುತ್ತಾರೆ. ಹೆಸರು ಗೊತ್ತಾದರೆ ಎದುರಾಳಿಯೂ ತರಿಸಿಬಿಡುತ್ತಾನೆ. ಆಮೇಲೆ ಹಾಡಿಗೆ ಜನರೇ ಹೆಸರಿಡುತ್ತಾರೆ. ಮೊಸಳೆಯ ಮಾನವೆಲ್ಲ ಇದ್ದದ್ದು ‘ಆಡಿನ ನಗು’ವಿನಲ್ಲಿ. ಗಿಟಾರಿನ ನಡುವೆ ಯಾರೋ ಆಡು ಅರಚಿದಂತೆ ನಗುವ ಹಾಡು ಅದು.

ಅನ್ಸೆಲ್ಮೊ ತೀರಿಕೊಂಡ ಮೇಲೆ ನೂರಿಸ್ ಕಾಗದ ಕೆರೆದ ತಟ್ಟೆಗಳನ್ನೆಲ್ಲ ಉಳಿಸಿಕೊಂಡು, ಕಾಗದವಿದ್ದವನ್ನು ನೆಂಟರಿಗೆ ಹಂಚಿದಳು. ಆಮೇಲೆ ನೋಡಿದರೆ ಉಳಿದವುಗಳಲ್ಲಿ ‘ಆಡಿನ ನಗು’ ಇರಲಿಲ್ಲ.

ಆ ಸುದ್ದಿ ‘ಸುಂಟರಗಾಳಿ’ ಪಿಕೋದ ಎವೆರ್ತೊ ಸಲ್ಗಾದೊನ ಕಿವಿಗೆ ಬಿತ್ತು. ಅವನು ಎಲ್ಲರೆದುರೇ ಕೂಗಿದ: “ಅಕ್ಕಾ, ಮೊಸಳೆ ಹಲ್ಲೆಲ್ಲ ಉದುರಿದ್ವಂತೆ? ಬರೋ ಭಾನುವಾರ ಎದುರಾಬದುರಾ ಹಾಡ್ಸೋಣ. ಸೋತೋರು ತಮ್ಮ ಪೆಟ್ಟಿಗೆ ಚಿತ್ರಕ್ಕೆ ತಾವೇ ಬಿಳಿ ವಿನೈಲ್ ಬಳೀಬೇಕು.”

“ಆಗ್ಲಿ,” ಎಂದಳು ನೂರಿಸ್. ಮನೆಗೆ ಬಂದು ಮೊಸಳೆಯ ಮುಂದೆ ಬಹಳ ಹೊತ್ತು ಕೂತಳು. ಗಂಡನ ನೆನಪಿಗೆ ಆ ಚಿತ್ರ ಬಿಟ್ಟರೆ ಅವಳಲ್ಲಿ ಅವನ ಫೋಟೋ ಕೂಡ ಇರಲಿಲ್ಲ.

ಶನಿವಾರ ಅವಳು ಅನ್ಸೆಲ್ಮೊನ ಅಕ್ಕ ಪೆತ್ರೋನಾಳ ಮನೆಯ ಗೋಡೆಗೆ ಬಣ್ಣ ಬಳಿಯಲು ಹೋದಳು. ಮಾತಿನ ನಡುವೆ ಸೋಲಿನ ಭಯವೂ ಬಾಯಿಗೆ ಬಂತು.

“ಹಾಡು ಗೀಡು ಅಂತ ನನ್ ಹತ್ರ ಬರ್ಬೇಡ ಕಣೇ,” ಎಂದಳು ಬೀದಿ ಕುಣಿತದ ಕಡೆ ಎಂದೂ ತಲೆಹಾಕದ ಪೆತ್ರೋನಾ. “ನೀನ್ ಕೊಟ್ಟ ದೇವರ ಹಾಡಿನ ತಟ್ಟೆ ಇತ್ತಲ್ಲ, ಕ್ರಿಸ್ಮಸ್‌ಗೆ ಹಾಕ್ದೆ. ಪಾದ್ರಿ ಹಾಡ್ತಾರೆ ಅಂತ ಕಾದ್ರೆ ಆಡು ಅರಚ್ತು! ಸೈತಾನನ ಕಾಟ ಅಂತ ತೆಗೆದು ಮೇರಿಮಾತೆ ಮುಂದಿನ ಮೇಣದ ಬತ್ತಿ ಕೆಳಗೆ ಇಟ್ಬಿಟ್ಟೆ.”

ನೂರಿಸ್ ಏಣಿಯಿಂದ ಇಳಿದಳು. “ಅತ್ತಿಗೆ, ಎಲ್ಲಿದೆ ಅದು?”

ಮೇರಿಮಾತೆಯ ಮುಂದೆ, ಬತ್ತಿಯ ಕೆಳಗೆ, ಮೇಣ ಮೆತ್ತಿಕೊಂಡು ಬಿದ್ದಿತ್ತು. ಉಳಿದವರು ಕಾಗದ ಕೆರೆದು ಸುಮ್ಮನಾದರೆ, ಅನ್ಸೆಲ್ಮೊ ಅದರ ಮೇಲೆ ಕೀರ್ತನೆ ತಟ್ಟೆಯ ಕಾಗದ ಅಂಟಿಸಿದ್ದ. ಎದುರಾಳಿಯನ್ನು ಯಾಮಾರಿಸಲು ಮಾಡಿದ್ದು; ಯಾಮಾರಿದ್ದು ಹೆಂಡತಿ.

“ಅಯ್ಯೋ, ನನ್ನೂ ನಂಬ್ಲಿಲ್ವಲ್ಲ ಮಹಾರಾಯ!” ಎಂದು ನೂರಿಸ್ ನಕ್ಕಳು. ಇಬ್ಬರೂ ಐಸ್ ತಾಗಿಸಿ ಮೇಣವನ್ನು ಗಟ್ಟಿಮಾಡಿ, ಉಗುರಲ್ಲಿ ಚಕ್ಕೆಚಕ್ಕೆಯಾಗಿ ಎಬ್ಬಿಸಿದರು. ಅಂಚಿನಲ್ಲಿ ಒಂದು ಚೂರು ಮಾತ್ರ ಬಿಡಲಿಲ್ಲ.

ಭಾನುವಾರ ಬೀದಿ ತುಂಬಿತ್ತು. ಎವೆರ್ತೊ ಹೊಸ ಹಾಡುಗಳನ್ನು ಒಂದರ ಹಿಂದೊಂದು ಬಿಟ್ಟ. ಕುಣಿಯುವವರೆಲ್ಲ ಅವನ ಕಡೆಗೇ ಸರಿದರು. ನೂರಿಸ್ ತಟ್ಟೆಯ ಮೇಲೆ ಮುಳ್ಳನ್ನು ಇಳಿಸಿದಳು. ಮೇಣ ಅಂಟಿದ ಕಡೆ ಹಾಡು ಒಮ್ಮೆ ಬಿಕ್ಕಿತು. ಎವೆರ್ತೊ ಹಲ್ಲು ಕಿರಿದ. ಮರುಕ್ಷಣ ಗಿಟಾರು ಹರಿದು ಬಂತು, ಹಿಂದೆಯೇ ಆಡು ನಕ್ಕಿತು.

ಇಡೀ ಬೀದಿ ತಿರುಗಿ ನಿಂತಿತು. ಮುದುಕಿಯರೂ ಕುರ್ಚಿ ಬಿಟ್ಟೆದ್ದು ಕುಣಿದರು. ಪೆತ್ರೋನಾ ಶಿಲುಬೆಯ ಗುರುತು ಹಾಕಿಕೊಂಡೇ ಸೊಂಟ ತಿರುಗಿಸಿದಳು. “ಇನ್ನೊಂದ್ ಸಲ!” ಎಂಬ ಕೂಗಿಗೆ ಮತ್ತೆ, ಮತ್ತೆ ಅದೇ ಹಾಡು. ಎವೆರ್ತೊ ತಾನೇ ತನ್ನ ಪಿಕೋದ ತಂತಿ ಕಿತ್ತ.

ನೂರಿಸ್ ಬಿಳಿ ವಿನೈಲಿನ ಬಕೆಟ್ಟನ್ನು ಅವನ ಮುಂದಿಟ್ಟಳು. “ಎರಡ್ ಕೋಟ್ ಹೊಡಿ ತಮ್ಮಾ. ಒಂದರಲ್ಲಿ ಸುಂಟರಗಾಳಿ ಮುಚ್ಚಲ್ಲ.”

ಅವನು ಎರಡೂ ಕೋಟ್ ಬಳಿದ. ಬಣ್ಣ ಒಣಗಿದ ಮೇಲೆ ಪೆಟ್ಟಿಗೆಯನ್ನು ಗಾಡಿಗೆ ಹಾಕಿಕೊಂಡು ಅವಳ ಮನೆಗೇ ಬಂದ. ಊರಲ್ಲಿ ಚಿತ್ರ ಬರೆಯುವ ಕೈ ಬೇರೆ ಯಾವುದಿತ್ತು?

“ಏನ್ ಬರೀಲಿ?” ಎಂದಳು.

“ಆಡು ಒಂದ್ ಬಿಟ್ಟು ಏನ್ ಬೇಕಾದ್ರೂ ಬರಿ ಅಕ್ಕಾ.”